ಗಡಿಯಾಚೆಯ ಊಟದ ಮನೆ

ಕಾರ್ಲ್‌ಸ್ಟಾಡ್, ಸ್ವೀಡನ್
21 ಮೇ 1905

ಪ್ರಿಯ ಹಾಲ್ವೋರ್,

ನಿನ್ನ ಪತ್ರ ಬಂದು ನಾಲ್ಕು ದಿನವಾಯಿತು. ಉತ್ತರ ಬರೆಯಲು ಕುಳಿತಾಗಲೆಲ್ಲ ಯಾರಾದರೊಬ್ಬರು ಬಂದು ಸೂಪು ತಣ್ಣಗಾಗಿದೆ ಎನ್ನುತ್ತಾರೆ. ಊಟದ ಮನೆ ನಡೆಸುವ ವಿಧವೆಯನ್ನು ಕಟ್ಟಿಕೊಳ್ಳಲು ಹೊರಟವನು ಇದನ್ನೆಲ್ಲ ಸಹಿಸಲೇಬೇಕು.

‘ನೀನು’ ಎಂದು ಬರೆಯುವಾಗ ಈಗಲೂ ಕೈ ಒಂದು ಗಳಿಗೆ ತಡೆಯುತ್ತದೆ. ಎರಡು ವರ್ಷ ‘ನೀವು’ ಎಂದೇ ಬರೆದವಳು ನಾನು. ಕ್ರಿಸ್‌ಮಸ್ ಊಟಕ್ಕೆ ಬಂದಾಗ ಎಲ್ಲರೆದುರು ಲೋಟ ಎತ್ತಿ, “ಇನ್ಮೇಲೆ ನೀನು ಅಂತಲೇ ಕರಿ ಹುಲ್ಡಾ, ನಂಗೂ ಐವತ್ತೆರಡಾಯ್ತು, ಇನ್ನೆಷ್ಟು ದಿನ ಕಾಯ್ಸ್ತೀಯ” ಅಂದೆಯಲ್ಲ, ಇಡೀ ಕೋಣೆ ನಕ್ಕಿತ್ತು. ಮರದ ವ್ಯಾಪಾರಿ ಎಕ್‌ಬೋಮ್ ಒಬ್ಬರೇ ನಗಲಿಲ್ಲ. ಅವರು ಈಗ ದಿನಾ ಬಟಾಣಿ ಸೂಪು ಕಲಕುತ್ತ ನಿನ್ನ ದೇಶವನ್ನು ಬೈಯುತ್ತಾರೆ. “ಒಬ್ಬನೇ ದೊರೆ, ಎರಡು ದೇಶ, ಚೆನ್ನಾಗೇ ಇತ್ತಲ್ಲಮ್ಮ. ಈಗ ನಾರ್ವೆಯವರಿಗೆ ಪರದೇಶದ ಬಂದರಿನಲ್ಲಿ ಕೂರೋ ಅಧಿಕಾರಿಗಳೂ ಬೇರೆ ಬೇಕಂತೆ. ನಾಳೆ ಸೂರ್ಯನೂ ಬೇರೆ ಬೇಕು ಅಂತಾರೆ ನೋಡಿ!” ನಾನು ಅವರ ತಟ್ಟೆಗೆ ಇನ್ನೊಂದು ಸೌಟು ಹಾಕುತ್ತೇನೆ. ಬಾಯಿ ತುಂಬಿದ್ದರೆ ಮಾತು ಕಡಿಮೆ.

ಮಧ್ಯಬೇಸಿಗೆಯ ಹಬ್ಬಕ್ಕೆ ನೀನು ಬಂದರೆ ಪಾದ್ರಿಗಳ ಹತ್ತಿರ ಹೋಗೋಣ. ಶರತ್ಕಾಲದ ಹೊತ್ತಿಗೆ ಈ ಮನೆ ಬಿಟ್ಟು ನಿನ್ನ ಕ್ರಿಸ್ಟಿಯಾನಿಯಾಕ್ಕೆ ಬರುತ್ತೇನೆಂದು ಹೇಳಿದ್ದೇನೆ, ಹೇಳಿದ ಮೇಲೆ ಬರುತ್ತೇನೆ. ಸಿಕ್ಸ್ಟೆನ್ ಮಾತ್ರ ಮುಖ ಊದಿಸಿಕೊಂಡಿದ್ದಾನೆ. ಇಪ್ಪತ್ತೊಂದು ವರ್ಷದ ಮಗ, ಗರಗಸದ ಕಾರ್ಖಾನೆಯಲ್ಲಿ ಗಂಡಸರ ಸಮ ದುಡಿಯುತ್ತಾನೆ, ಮನೆಗೆ ಬಂದರೆ ಎಳೆಮಗುವಿನ ಹಾಗೆ ಗೋಡೆ ಕಡೆ ತಿರುಗಿ ಮಲಗುತ್ತಾನೆ. ಸರಿಹೋಗುತ್ತಾನೆ ಬಿಡು.

ನಿನ್ನ ಕೆಮ್ಮು ಹೇಗಿದೆ? ಹಿಮದಲ್ಲಿ ರೈಲು ನಿಂತು, ಸಂಸತ್ತಿನ ಚರ್ಮದ ಚೀಲವನ್ನು ಎದೆಗೆ ಅವಚಿಕೊಂಡು, ಜ್ವರದಲ್ಲಿ ನಡುಗುತ್ತ ನನ್ನ ಬಾಗಿಲಿಗೆ ಬಂದವನು ನೀನು. ನಾಲ್ಕು ದಿನ ಇಟ್ಟುಕೊಂಡು ಉಳಿಸಿದ್ದೇನೆ. ಈಗ ಹಾಳುಮಾಡಿಕೊಳ್ಳಬೇಡ.

ನಿನ್ನ
ಹುಲ್ಡಾ


ಕ್ರಿಸ್ಟಿಯಾನಿಯಾ, ನಾರ್ವೆ
8 ಜೂನ್ 1905

ನನ್ನ ಹುಲ್ಡಾ,

ನಿನ್ನೆ ನಡೆದದ್ದನ್ನು ಪತ್ರಿಕೆಯಲ್ಲಿ ಓದಿರುತ್ತೀಯ. ಆದರೂ ಬಾಗಿಲಲ್ಲಿ ನಿಂತಿದ್ದವನು ನಾನು, ನನ್ನಿಂದಲೂ ಕೇಳು.

ಹದಿನೆಂಟು ವರ್ಷ ಸಂಸತ್ತಿನ ಬಾಗಿಲು ಕಾದಿದ್ದೇನೆ. ಸದಸ್ಯರು ಮೇಜು ಗುದ್ದಿದ್ದನ್ನು, ಒಬ್ಬರ ಭಾಷಣಕ್ಕೆ ಇನ್ನೊಬ್ಬರು ಗೊರಕೆ ಹೊಡೆದದ್ದನ್ನು ಎಲ್ಲ ಕೇಳಿದ್ದೇನೆ. ನಿನ್ನೆಯಂಥ ಮೌನವನ್ನು ಕೇಳಿರಲಿಲ್ಲ. ಅರ್ಧ ಗಂಟೆಯೂ ಹಿಡಿಯಲಿಲ್ಲ. ನಮ್ಮ ಮಂತ್ರಿಗಳು ರಾಜೀನಾಮೆ ಕೊಟ್ಟಿದ್ದರು. ಬೇರೆ ಮಂತ್ರಿಮಂಡಲ ಕಟ್ಟಲು ತಮ್ಮಿಂದ ಆಗದು ಎಂದು ದೊರೆ ಹೇಳಿದ್ದರು. ಸಂಸತ್ತು ಅದನ್ನೇ ಹಿಡಿದುಕೊಂಡಿತು: ಮಂತ್ರಿಗಳಿಲ್ಲದ ದೊರೆ ನಮಗೆ ದೊರೆಯಾಗಿ ಉಳಿದಿಲ್ಲ, ದೊರೆ ಇಲ್ಲದ ಮೇಲೆ ಅವರ ಕೆಳಗೆ ಸ್ವೀಡನ್ ಜೊತೆಗಿದ್ದ ಕೂಟವೂ ಇಲ್ಲ. ಓದಿದರು, ಮತಕ್ಕೆ ಹಾಕಿದರು. ಒಬ್ಬರೂ ಬೇಡವೆನ್ನಲಿಲ್ಲ.

ಶೀಘ್ರಲಿಪಿ ಬರೆಯುವ ಆಸ್ಮುಂಡ್ ಹೊರಗೆ ಬಂದು, ಬೆರಳು ನೀವಿಕೊಳ್ಳುತ್ತ ಅಂದ: “ತೊಂಬತ್ತೊಂದು ವರ್ಷದ ಸಂಬಂಧ ಕಣೋ. ಮುರೀತು ಅನ್ನೋದಕ್ಕೆ ಒಂದು ಪೂರ್ತಿ ವಾಕ್ಯನೂ ಕೊಡ್ಲಿಲ್ಲ. ಇನ್ಯಾವುದೋ ವಾಕ್ಯದ ಮಧ್ಯ ತುರುಕಿಬಿಟ್ರು!”

ಆಮೇಲೆ ಬಾಗಿಲು ತೆರೆದೆ. ಹೊರಗೆ ಬೀದಿ ತುಂಬ ಜನ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು, ನಾನೇ ಏನೋ ತೀರ್ಮಾನ ಮಾಡಿ ಬಂದವನ ಹಾಗೆ. ಅತ್ತುಬಿಟ್ಟೆ ಹುಲ್ಡಾ. ತಂಗಿ ಗುನ್‌ಹಿಲ್ಡ್ ಮನೆಯಲ್ಲಿ ಕಾಫಿಗೆ ಕೆನೆ ಹಾಕಿ ಕೊಟ್ಟಳು, ಭಾನುವಾರ ಅಲ್ಲದಿದ್ದರೂ!

ಹಬ್ಬಕ್ಕೆ ಎರಡು ದಿನ ಮುಂಚೆಯೇ ಹೊರಡಲು ರಜೆ ಕೇಳಿದ್ದೇನೆ.

ನಿನ್ನವನು
ಹಾಲ್ವೋರ್


ಕಾರ್ಲ್‌ಸ್ಟಾಡ್
19 ಜೂನ್ 1905

ಶ್ರೀ ಹಾಲ್ವೋರ್ ಟ್ವೇಟೆನ್ ಅವರಿಗೆ,

ನಿಮ್ಮ ಪತ್ರ ತಲುಪಿತು. ಹಬ್ಬಕ್ಕೆ ಬರಬೇಡಿ.

ಸಿಕ್ಸ್ಟೆನ್‌ನ ಮೇ ಕೊನೆಯಲ್ಲಿ ಶುರುವಾದ ಸೈನಿಕ ತರಬೇತಿ ಈ ತಿಂಗಳು ಮುಗಿಯಬೇಕಿತ್ತು. ಮನೆಗೆ ಬಿಡುತ್ತಿಲ್ಲವಂತೆ. ಎಷ್ಟು ದಿನವೆಂದು ಯಾರೂ ಹೇಳುವುದಿಲ್ಲ. ಊಟಕ್ಕೆ ಬರುತ್ತಿದ್ದ ಹನ್ನೊಂದು ಮಂದಿಯಲ್ಲಿ ನಾಲ್ವರು ಬರುವುದು ಬಿಟ್ಟಿದ್ದಾರೆ. ಎಕ್‌ಬೋಮ್ ಕೊನೆಯ ದಿನ ಕರವಸ್ತ್ರ ಮಡಿಸಿಟ್ಟು, “ನಿಮ್ಮ ನಾರ್ವೆಯವರಿಗೆ ಅಡಿಗೆ ಮಾಡಿಕೊಂಡಿರಿ, ನಮಗೇನು” ಅಂದು ಹೋದರು.

ಅದು ದೊಡ್ಡ ಮಾತಲ್ಲ. ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೌನ ಹೇಗಿತ್ತೆಂದು ಇದೆ, ವಾಕ್ಯ ಹೇಗಿತ್ತೆಂದು ಇದೆ, ಕಾಫಿಯ ಕೆನೆಯೂ ಇದೆ. ಅಂದು ಈ ಕಡೆ ಇದ್ದವಳಿಗೆ ಹೇಗಾಗಿದ್ದೀತು ಎಂಬ ಒಂದು ಸಾಲು ಎಲ್ಲೂ ಸಿಗಲಿಲ್ಲ.

ಹುಲ್ಡಾ ಲಿಂಡ್‌ಮಾರ್ಕ್


ಕ್ರಿಸ್ಟಿಯಾನಿಯಾ
26 ಆಗಸ್ಟ್ 1905

ಹುಲ್ಡಾ,

ಜುಲೈಯಲ್ಲಿ ಬರೆದ ಮೂರು ಪತ್ರಗಳಿಗೆ ಉತ್ತರವಿಲ್ಲ. ಕ್ಷಮಿಸೆಂದು ನಾಲ್ಕನೆಯ ಸಲ ಬರೆಯುವುದಿಲ್ಲ. ಇನ್ನೊಂದು ವಿಷಯವನ್ನು ಬೇರೆಯವರಿಂದ ನೀನು ಕೇಳಬಾರದು, ಅದಕ್ಕೇ ಬರೆಯುತ್ತಿದ್ದೇನೆ.

ಸಂಸತ್ತು ಮಾಡಿದ್ದು ಸರಿಯೇ ಎಂದು ಹದಿಮೂರನೆಯ ತಾರೀಕು ದೇಶದ ಗಂಡಸರನ್ನೆಲ್ಲ ಕೇಳಿದರು. ಹೆಂಗಸರಿಗೆ ಮತವಿಲ್ಲ. ಗುನ್‌ಹಿಲ್ಡ್ ಕಿಡಿಕಿಡಿಯಾಗಿ ಮನೆಮನೆ ತಿರುಗಿ ಹೆಂಗಸರ ಸಹಿ ಹಾಕಿಸಿದಳು. “ದೇಶ ಒಡೆಯೋಕೆ ಗಂಡಸರು ಸಾಕಂತೆ, ಆಮೇಲೆ ಗುಡಿಸೋಕೆ ಮಾತ್ರ ನಾವು!” ಎಂದು ಬೈಯುತ್ತಲೇ ತನ್ನ ಸಹಿಯನ್ನು ಮೊದಲು ಹಾಕಿದಳು.

ಮತದ ಚೀಟಿ ಹಿಡಿದು ನಿಂತಾಗ ನಿನ್ನ ನೆನಪಾಯಿತು. ‘ಬೇಡ’ ಎಂದು ಹಾಕಿ ಅದನ್ನು ನಿನಗೆ ಬರೆಯಬಹುದಿತ್ತು. ಇಡೀ ದೇಶದಲ್ಲಿ ಬೇಡವೆಂದವರು ಇನ್ನೂರು ಜನರೂ ಇಲ್ಲವಂತೆ. ಅವರಲ್ಲಿ ನಾನೂ ಒಬ್ಬನೆಂದರೆ ನಿನ್ನ ಕೋಪ ಇಳಿದೀತು ಎಂಬ ಆಸೆಯಾಗಿತ್ತು. ಸುಳ್ಳು ಹೇಳಿ ನಿನ್ನನ್ನು ಕರೆತಂದು ಆಮೇಲೆ ಒಂದೇ ಮನೆಯಲ್ಲಿ ಹೇಗಿರಲಿ? ‘ಬೇಕು’ ಎಂದೇ ಹಾಕಿದೆ. ಯಾರ ದ್ವೇಷದಿಂದಲೂ ಅಲ್ಲ. ನಮ್ಮ ಮನೆ ನಾವೇ ನೋಡಿಕೊಳ್ಳಬೇಕು ಎಂಬುದು ನಾನು ಹುಡುಗನಾಗಿದ್ದಾಗಿನಿಂದ ಕೇಳಿದ ಮಾತು, ನಂಬಿದ ಮಾತು.

ಅಂದು ಆ ಕಡೆ ನಿನಗೆ ಹೇಗಿತ್ತೆಂದು ಯೋಚಿಸಲಿಲ್ಲ. ಅದು ನಿಜ. ಈಗ ಬೇರೇನೂ ಯೋಚಿಸುತ್ತಿಲ್ಲ.

ಮುಂದಿನ ವಾರ ಕೆಲಸದ ಮೇಲೆ ಒಂದು ಊರಿಗೆ ಹೋಗಬೇಕು. ಎಲ್ಲಿಗೆಂದು ಬರೆಯುವಂತಿಲ್ಲ.

ಹಾಲ್ವೋರ್


ಕಾರ್ಲ್‌ಸ್ಟಾಡ್
2 ಸೆಪ್ಟೆಂಬರ್ 1905

ಹುಲ್ಡಾ,

ನಿನ್ನ ಊರಿನಿಂದಲೇ ನಿನಗೆ ಬರೆಯುತ್ತಿದ್ದೇನೆ. ಎರಡು ಬೀದಿ ದಾಟಿದರೆ ನಿನ್ನ ಅಡಿಗೆಮನೆ. ಈ ಪತ್ರ ಅಂಚೆ ಕಚೇರಿಗೆ ಹೋಗಿ, ಮುದ್ರೆ ಹೊಡೆಸಿಕೊಂಡು, ನಾಳೆ ನಿನ್ನ ಕೈ ಸೇರುತ್ತದೆ.

ಎರಡೂ ದೇಶದವರು ಶಾಂತಿಯಿಂದ ಬೇರೆಯಾಗುವುದು ಹೇಗೆಂದು ಮಾತಾಡಲು ನಿನ್ನ ಊರನ್ನೇ ಆರಿಸಿದ್ದಾರೆ. ನಮ್ಮ ಸಂಧಾನಕಾರರ ಕಾಗದದ ಪೆಟ್ಟಿಗೆ ಹೊರಲು ನಾನು ಬಂದಿದ್ದೇನೆ. ಊರಿನವರ ಜೊತೆ ಮಾತಾಡಕೂಡದು, ಯಾರ ಮನೆಗೂ ಹೋಗಕೂಡದು ಎಂದು ಆಣೆ ಮಾಡಿಸಿದ್ದಾರೆ. ಪತ್ರ ಬರೆಯಬಾರದೆಂದು ಹೇಳಲು ಯಾರಿಗೂ ಹೊಳೆದಿಲ್ಲ.

ನಿನ್ನೆ ಸಂತೆಚೌಕದಲ್ಲಿ ನಿನ್ನನ್ನು ಕಂಡೆ. ಬುಟ್ಟಿಯಿಂದ ಸಬ್ಬಸಿಗೆ ಸೊಪ್ಪು ತಲೆ ಹೊರಹಾಕಿತ್ತು. ನೀನು ಮೀನಿನವಳ ಜೊತೆ ಚೌಕಾಸಿ ಮಾಡುತ್ತಿದ್ದೆ. ನಿನ್ನ ದನಿ ಕೇಳಿಸಿತು, ಮಾತು ಕೇಳಿಸಲಿಲ್ಲ. ಕೂಗಿದರೆ ತಿರುಗುವಷ್ಟು ಹತ್ತಿರ. ಪೆಟ್ಟಿಗೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡು ಮುಂದೆ ನಡೆದೆ.

ಹಾಲ್ವೋರ್


ಕಾರ್ಲ್‌ಸ್ಟಾಡ್
4 ಸೆಪ್ಟೆಂಬರ್ 1905

ಟ್ವೇಟೆನ್ ಅವರೇ,

ನಾನೂ ನೋಡಿದೆ. ಸೊರಗಿದ್ದೀರಿ. ನಿಮ್ಮ ಕೋಟಿನ ಎರಡನೆಯ ಗುಂಡಿ ಬಿದ್ದುಹೋಗಿದೆ.

ಸಿಕ್ಸ್ಟೆನ್‌ನನ್ನು ಗಡಿಗೆ ಕಳಿಸಿದ್ದಾರೆ. ಏಡಾದ ಹತ್ತಿರ ಕಾಡಿನಲ್ಲಿ ಗುಡಾರ ಹಾಕಿದ್ದಾರಂತೆ. ಎದುರಿನ ಗುಡ್ಡದ ಮೇಲೆ ನಿಮ್ಮವರು. ಒಲೆ ಹೊಗೆ ಕಾಣುವಷ್ಟೇ ದೂರ ಎಂದು ಬರೆದಿದ್ದಾನೆ. ಒಂದು ಜೊತೆ ಉಣ್ಣೆಯ ಕಾಲುಚೀಲ ಕೇಳಿದ್ದಾನೆ, ಬೇರೇನೂ ಕೇಳಿಲ್ಲ.

ಆ ಪೆಟ್ಟಿಗೆಯಲ್ಲಿ ಏನಿದೆಯೆಂದು ನಾನು ಕೇಳುವುದಿಲ್ಲ. ಒಂದೇ ಒಂದು ಮಾತು ಹೇಳಿ. ಯುದ್ಧ ಆಗುತ್ತದೆಯೇ ಇಲ್ಲವೇ? ನಿಮಗೆ ಗೊತ್ತಿರುತ್ತದೆ. ಬಾಗಿಲಲ್ಲಿ ನಿಂತವರಿಗೆ ಒಳಗಿನವರ ಮುಖ ಓದಲು ಬರುತ್ತದೆಂದು ನೀವೇ ಹೇಳಿದ್ದಿರಿ. ಆಗುತ್ತದೆ ಎಂದರೆ ನಾಳೆಯೇ ಏಡಾಕ್ಕೆ ಹೋಗಿ ಮಗನ ಮುಖ ನೋಡಿ ಬರುತ್ತೇನೆ. ಹೌದು ಅಥವಾ ಇಲ್ಲ, ಇಷ್ಟು ಬರೆದರೆ ಸಾಕು.

ಇನ್ನು ಯಾವುದಕ್ಕೂ ನಿಮ್ಮನ್ನು ಕೇಳುವುದಿಲ್ಲ.

ಹುಲ್ಡಾ


ಕಾರ್ಲ್‌ಸ್ಟಾಡ್
5 ಸೆಪ್ಟೆಂಬರ್ 1905

ಹುಲ್ಡಾ,

ಹೇಳಲಾರೆ.

ಹೌದೆಂದು ಬರೆದರೂ ಇಲ್ಲವೆಂದು ಬರೆದರೂ ಅದು ಈ ಊರಲ್ಲಿ ಒಂದು ಗಂಟೆಯೂ ಗುಟ್ಟಾಗಿ ಉಳಿಯದು. ನಿನ್ನ ಬಾಯಿಂದ ಹೋಗುತ್ತದೆ ಎನ್ನುತ್ತಿಲ್ಲ, ನಿನ್ನ ಮುಖದಿಂದ ಹೋಗುತ್ತದೆ. ಒಳಗೆ ಒಂದೊಂದು ಮಾತನ್ನೂ ಗಾಜಿನ ಪಾತ್ರೆಯ ಹಾಗೆ ಎತ್ತಿ ಇಡುತ್ತಿದ್ದಾರೆ. ಹೊರಗಿನಿಂದ ಒಂದು ಕಲ್ಲು ಬಿದ್ದರೆ ಎದುರೆದುರು ಗುಡ್ಡದ ಮೇಲಿರುವ ಹುಡುಗರ ಗತಿ ಏನು? ಅವರಲ್ಲಿ ನಿನ್ನ ಮಗನಿದ್ದಾನೆ. ಅದಕ್ಕೇ ಹೇಳಲಾರೆ.

ನೀನು ನನ್ನನ್ನು ಕೇಳಿದ್ದು ಇದೊಂದನ್ನೇ. ಅದನ್ನೇ ಇಲ್ಲವೆನ್ನಬೇಕಾಯಿತು.

ಏಡಾಕ್ಕೆ ಹೋಗಿ ಬಾ. ಯುದ್ಧವಿರಲಿ ಇಲ್ಲದಿರಲಿ, ಮಗನ ಮುಖ ನೋಡಲು ಯಾರ ಅನುಮತಿಯೂ ಬೇಡ.

ಹಾಲ್ವೋರ್


ಕಾರ್ಲ್‌ಸ್ಟಾಡ್
10 ಸೆಪ್ಟೆಂಬರ್ 1905

ಹಾಲ್ವೋರ್,

ಎರಡು ದಿನ ನಿನ್ನನ್ನು ಬಾಯಿಗೆ ಬಂದಂತೆ ಬೈದೆ. ಕೋಣೆಯ ಬಾಗಿಲು ಹಾಕಿಕೊಂಡು, ಕೇಳುವವರು ಇಲ್ಲದ ಹಾಗೆ.

ಏಳನೆಯ ತಾರೀಕು ಮಾತುಕತೆ ನಿಲ್ಲಿಸಿ ನೀವೆಲ್ಲ ರೈಲು ಹತ್ತಿದಿರಿ ಎಂದು ಗೊತ್ತಾಯಿತು. ಊರಿಗೆ ಊರೇ ಯುದ್ಧ ಬಂತು ಎಂದುಕೊಂಡಿತು. ಅದೇ ಮಧ್ಯಾಹ್ನ ಸ್ಟಾಕ್‌ಹೋಮಿನ ಪತ್ರಿಕೆಯವನೊಬ್ಬ ಊಟಕ್ಕೆ ಬಂದ. ಮೀನು ತಿಂದ, ಹೊಗಳಿದ, ಇನ್ನೊಂದು ಹಾಕಿಸಿಕೊಂಡ. ಆಮೇಲೆ ಮೆಲ್ಲಗೆ, “ನಿಮಗೊಬ್ಬ ನಾರ್ವೆಯ ಸ್ನೇಹಿತ ಇದ್ದಾನಂತಲ್ಲ ಅಮ್ಮ? ಪೆಟ್ಟಿಗೆ ಹೊರೋನು? ಪತ್ರ ಬಂತಂತೆ, ಅಂಚೆಯವನು ಹೇಳ್ದ. ಏನು ಬರೆದಿದ್ದಾನೆ?” ಅಂದ.

“ಬರೆದಿದ್ದಾನೆ, ಏನೂ ಹೇಳಲಾರೆ ಅಂತ ಬರೆದಿದ್ದಾನೆ,” ಅಂದೆ.

“ಸುಳ್ಳು ಹೇಳ್ಬೇಡಿ.”

“ಬೇಕಾದ್ರೆ ಓದಿಕೊಳ್ಳಿ!” ಎಂದು ನಿನ್ನ ಪತ್ರ ತಂದು ಅವನ ತಟ್ಟೆಯ ಪಕ್ಕ ಇಟ್ಟೆ. ಓದಿದ. ಮುಖ ಕೆಂಪಾಯಿತು. ಕಾಫಿಗೂ ಕಾಯದೆ ಎದ್ದು ಹೋದ. ಒಂದು ಸಾಲು ಇದ್ದಿದ್ದರೂ ಮರುದಿನ ಅದು ಊರೂರು ತಿರುಗುತ್ತಿತ್ತು, ಆಮೇಲೆ ಬರುವ ಸತ್ತವರ ಪಟ್ಟಿಯಲ್ಲಿ ನನ್ನ ಮಗನ ಹೆಸರು ಇರುತ್ತಿತ್ತೋ ಏನೋ. ಅವನು ಹೋದ ಮೇಲೆ ನಿನ್ನ ಪತ್ರವನ್ನು ಮಡಿಸಿ ಒಳಗಿಟ್ಟೆ. ಕೋಪ ಎಲ್ಲಿ ಹೋಯಿತೋ ಗೊತ್ತಿಲ್ಲ.

ಏಡಾಕ್ಕೆ ಹೋಗಿದ್ದೆ. ಕಾಲುಚೀಲ ಕೊಟ್ಟೆ. ಮೀಸೆ ಬಿಟ್ಟಿದ್ದಾನೆ, ಅವನಪ್ಪನ ಹಾಗೆಯೇ ಕಾಣುತ್ತಾನೆ. ನಿನ್ನ ವಿಷಯ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮಾತುಕತೆಗೆ ಮತ್ತೆ ಬರುತ್ತೀಯಂತೆ. ಆ ಗುಂಡಿ ಹೊಲಿಸಿಕೊಂಡು ಬಾ.

ಹುಲ್ಡಾ


ಕ್ರಿಸ್ಟಿಯಾನಿಯಾ
10 ಅಕ್ಟೋಬರ್ 1905

ನನ್ನ ಹುಲ್ಡಾ,

ಒಪ್ಪಂದಕ್ಕೆ ಸಹಿ ಬಿದ್ದ ಮರುದಿನ ಆಣೆ ಮುಗಿದು ನಿನ್ನ ಮನೆಗೆ ಬಂದು ಕುಳಿತೆನಲ್ಲ, ಆ ಎರಡು ಗಂಟೆಯನ್ನು ದಿನಾ ನೆನೆಯುತ್ತೇನೆ. ಮಾತಾಡಿದ್ದಕ್ಕಿಂತ ನೀನು ತಟ್ಟೆ ತೊಳೆದದ್ದೇ ಹೆಚ್ಚು. ನಾನು ಒರೆಸುವ ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ನಾನು ಮದುವೆಯ ಮಾತು ಎತ್ತಿದಾಗ ನೀನು, “ಮೊದಲು ಸಿಕ್ಸ್ಟೆನ್ ಮನೆಗೆ ಬರಲಿ” ಅಂದೆ. ಸರಿ.

ನಿನ್ನೆ ನಮ್ಮ ಸಂಸತ್ತು ಒಪ್ಪಂದವನ್ನು ಮತಕ್ಕೆ ಹಾಕಿತು. ಜೂನ್ ತಿಂಗಳ ಮೌನ ಈ ಸಲ ಇರಲಿಲ್ಲ. ಗಡಿಯ ಕೋಟೆಗಳನ್ನು ಕೆಡವಬೇಕು ಎಂಬುದಕ್ಕೆ ದಿನಗಟ್ಟಲೆ ಕೂಗಾಡಿದರು. “ನಮ್ಮ ಗೋಡೆ ನಾವೇ ಬೀಳಿಸ್ಬೇಕಾ?” ಎಂದು ಒಬ್ಬ ಮುದುಕರು ಅತ್ತೇಬಿಟ್ಟರು. ಕೊನೆಗೆ ನೂರಾ ಒಂದು ಮಂದಿ ಒಪ್ಪಿದರು, ಹದಿನಾರು ಮಂದಿ ಒಪ್ಪಲಿಲ್ಲ. ಆ ಹದಿನಾರು ಜನರಿಗೂ ಬಾಗಿಲು ತೆರೆದು ಟೋಪಿ ಕೊಟ್ಟೆ. ಅವರ ಸಂಕಟ ಈಗ ನನಗೆ ತಿಳಿಯುತ್ತದೆ. ಹೋಗುವುದು ಸುಲಭ. ಹೋದ ಮೇಲೆ ಬೇಲಿ ಎಷ್ಟೆತ್ತರ ಇರಬೇಕು ಎನ್ನುವುದೇ ಕಷ್ಟ.

ಒಪ್ಪಂದವನ್ನು ಪೂರ್ತಿ ಓದಿದೆ. ಉತ್ತರದ ಲ್ಯಾಪ್ ಜನರು ಸಾಕುವ ಹಿಮಸಾರಂಗಗಳು ಮೊದಲಿನ ಹಾಗೆ ಗಡಿ ದಾಟಿ ಮೇಯಬಹುದಂತೆ. ಅವುಗಳಿಗೆ ಯಾವ ಪಾದ್ರಿಯ ಚೀಟಿಯೂ ಬೇಡ. ನಿನ್ನ ನನ್ನಂಥವರ ವಿಷಯ ಯಾವ ಪುಟದಲ್ಲೂ ಇಲ್ಲ.

ನಿನ್ನ
ಹಾಲ್ವೋರ್


ಕಾರ್ಲ್‌ಸ್ಟಾಡ್
29 ಅಕ್ಟೋಬರ್ 1905

ಪ್ರಿಯ ಹಾಲ್ವೋರ್,

ಸಿಕ್ಸ್ಟೆನ್ ಬಂದ. ಮೈಮೇಲೆ ಒಂದು ಗೀರೂ ಇಲ್ಲ. ಎರಡು ದಿನ ನಿದ್ದೆ ಮಾಡಿದ, ಮೂರನೆಯ ದಿನ ಕೆಲಸಕ್ಕೆ ಹೋದ.

ನಿನ್ನೆ ಊಟಕ್ಕೆ ಕುಳಿತಾಗ ಹೇಳಿದೆ, ಕ್ರಿಸ್ಟಿಯಾನಿಯಾಕ್ಕೆ ಹೋಗುತ್ತೇನೆಂದು. ಚಮಚ ಕೆಳಗಿಟ್ಟ. “ಹೋಗಮ್ಮ, ಹೋಗು. ಆದ್ರೆ ನಾನು ಆ ಗಡಿ ದಾಟಿ ನಿನ್ನ ನೋಡೋಕೆ ಬರಲ್ಲ. ಎರಡು ತಿಂಗಳು ಅದರ ಮುಂದೆ ಬಂದೂಕು ಹಿಡಿದು ನಿಂತಿದ್ದೀನಿ.” ಕೂಗಿ ಹೇಳಲಿಲ್ಲ. ಕೂಗಿದ್ದರೆ ಬೈಯಬಹುದಿತ್ತು.

ಬರಲಾರೆ ಹಾಲ್ವೋರ್. ಮಗನಿಗೆ ಹೆದರಿ ಅಲ್ಲ. ಹೊಸ್ತಿಲಲ್ಲಿ ನಿಂತು ಈ ಅಡಿಗೆಮನೆ ನೋಡಿದೆ. ಇಪ್ಪತ್ತು ವರ್ಷ ಒಬ್ಬಳೇ ಉರಿಸಿದ ಒಲೆ. ಇದನ್ನು ಬಿಟ್ಟು ಬರುತ್ತೇನೆಂದು ವಸಂತದಲ್ಲಿ ಹೇಳುವಾಗಲೂ ನನ್ನೊಳಗೆ ಏನೋ ಒಪ್ಪಿರಲಿಲ್ಲ. ನಿನಗೆ ಹೇಳಿರಲಿಲ್ಲ. ನಮ್ಮ ಮನೆ ನಾವೇ ನೋಡಿಕೊಳ್ಳಬೇಕೆಂದು ನೀನೇ ಬರೆದಿದ್ದೆ. ನನಗೂ ಹಾಗೇ ಅನ್ನಿಸುತ್ತದೆ, ಏನು ಮಾಡಲಿ?

ಇನ್ನು ಬರೆಯುವುದು ಬೇಡ. ಬರೆದರೆ ಕಾಯುತ್ತೇನೆ.

ಹುಲ್ಡಾ


ಕಾರ್ಲ್‌ಸ್ಟಾಡ್
19 ನವೆಂಬರ್ 1905

ಟ್ವೇಟೆನ್ ಅವರಿಗೆ,

ನಾನು ಸಿಕ್ಸ್ಟೆನ್ ಲಿಂಡ್‌ಮಾರ್ಕ್. ಬರೆದು ಅಭ್ಯಾಸವಿಲ್ಲ. ತಪ್ಪಿದ್ದರೆ ನಗಬೇಡಿ.

ನಿಮ್ಮ ಸಂಸತ್ತು ಮಾಡಿದ್ದನ್ನು ನಾನು ಒಪ್ಪಿಲ್ಲ, ಒಪ್ಪುವುದೂ ಇಲ್ಲ. ಅದು ಬೇರೆ ಮಾತು.

ಗಡಿಯಲ್ಲಿದ್ದಾಗ ಎದುರು ಗುಡ್ಡದವನೊಬ್ಬ ಪ್ರತಿದಿನ ನೀರಿಗೆ ಇಳಿಯುತ್ತಿದ್ದ. ತೊರೆ ಒಂದೇ, ನಾನೂ ಇಳಿಯಬೇಕಿತ್ತು. ಮೊದಲ ವಾರ ಇಬ್ಬರೂ ಬಂದೂಕು ಹೆಗಲಿಗೇರಿಸಿಯೇ ನೀರು ತುಂಬಿದೆವು. ಆಮೇಲೆ ಒಂದು ದಿನ ಅವನ ಡಬ್ಬಿ ಜಾರಿ ನನ್ನ ಕಡೆ ತೇಲಿ ಬಂತು. ಹಿಡಿದು ಕೊಟ್ಟೆ. “ಕಾಲು ಜೋಮು ಹಿಡಿದೈತೆ ಮಾರಾಯ,” ಅಂದ. ಅವನ ಮಾತು ನನಗೆ ಅರ್ಥವಾಯಿತು ಎಂಬುದೇ ನನಗೆ ಸಿಟ್ಟು ಬರಿಸಿತು. ಇದನ್ನು ಅಮ್ಮನಿಗೆ ಹೇಳಿಲ್ಲ.

ನೀವು ಬರೆಯುವುದು ನಿಲ್ಲಿಸಿ ಮೂರು ವಾರವಾಯಿತು. ಅಮ್ಮ ಮೊದಲಿನ ಹಾಗೇ ಕೆಲಸ ಮಾಡುತ್ತಾಳೆ, ನಗುತ್ತಾಳೆ, ಎಲ್ಲರಿಗೂ ಬಡಿಸುತ್ತಾಳೆ. ಅಂಚೆಯವನು ಬೀದಿ ದಾಟುವ ಹೊತ್ತಿಗೆ ಮಾತ್ರ ಕೈಯಲ್ಲಿದ್ದದ್ದನ್ನು ಬಿಟ್ಟು ಒಲೆಯ ಕಡೆ ತಿರುಗಿ ನಿಲ್ಲುತ್ತಾಳೆ. ಅವನು ಹಾದುಹೋದ ಮೇಲೆ ಮತ್ತೆ ಶುರುಮಾಡುತ್ತಾಳೆ. ಅವಳ ಬೆನ್ನು ನೋಡಲು ನನಗೆ ಆಗುತ್ತಿಲ್ಲ.

ಅವಳು ಅಲ್ಲಿಗೆ ಬರುವುದಿಲ್ಲ. ನೀವು ಇಲ್ಲಿಗೆ ಬರಬಹುದಲ್ಲ? ಯಾರೂ ನಿಮ್ಮನ್ನು ಹಾಗೆ ಕೇಳಿಲ್ಲವೇನೋ. ನಾನು ಕೇಳುತ್ತಿದ್ದೇನೆ.

ಸಿಕ್ಸ್ಟೆನ್


ಕ್ರಿಸ್ಟಿಯಾನಿಯಾ
30 ನವೆಂಬರ್ 1905

ಹುಲ್ಡಾ,

ಬರೆಯಬೇಡ ಅಂದಿದ್ದೆ. ಇದೊಂದು ಓದು.

ಈ ಸೋಮವಾರ ನಾವೇ ಆರಿಸಿಕೊಂಡ ಹೊಸ ದೊರೆ ಸಂಸತ್ತಿಗೆ ಬಂದು ಪ್ರಮಾಣ ಮಾಡಿದರು. ಬಾಗಿಲು ತೆರೆದವನು ನಾನೇ. ನನ್ನ ದೇಶ ತನ್ನ ಕಾಲ ಮೇಲೆ ನಿಂತದ್ದನ್ನು ಕಣ್ಣಾರೆ ಕಂಡೆ. ಇನ್ನು ಅದಕ್ಕೆ ನಾನಿಲ್ಲದೆಯೂ ನಡೆಯುತ್ತದೆ. ಮರುದಿನ ಬೆಳಿಗ್ಗೆ ಕೆಲಸ ಬಿಡುವ ಅರ್ಜಿ ಕೊಟ್ಟೆ.

ಆಸ್ಮುಂಡ್ ಬಾಯಿ ಬಿಟ್ಟುಕೊಂಡು ನೋಡಿದ. “ಹುಚ್ಚು ಹಿಡೀತೇನೋ? ಬೇರೆ ಆದ ವರ್ಷವೇ ಅಲ್ಲಿಗೆ ಹೋಗಿ ಇರ್ತೀಯಾ?” ಗುನ್‌ಹಿಲ್ಡ್ ನನ್ನ ಅಂಗಿಗಳನ್ನೆಲ್ಲ ತೆಗೆದು ಇಸ್ತ್ರಿ ಹಾಕತೊಡಗಿದಳು. ಕೊನೆಯ ಅಂಗಿಯ ಹೊತ್ತಿಗೆ ಅತ್ತಳು.

ನನಗೆ ಕಟ್ಟಿಗೆ ಒಡೆಯಲು ಬರುತ್ತದೆ, ಆಲೂಗಡ್ಡೆ ಸುಲಿಯಲು ಬರುತ್ತದೆ, ಬಂದವರ ಕೋಟು ಟೋಪಿ ತೆಗೆದಿಡಲು ನನ್ನಷ್ಟು ಚೆನ್ನಾಗಿ ಯಾರಿಗೂ ಬರುವುದಿಲ್ಲ. ನಿನ್ನ ಊಟದ ಮನೆಗೆ ಇಂಥವನೊಬ್ಬ ಬೇಕೇ?

ಹಾಲ್ವೋರ್


ಕಾರ್ಲ್‌ಸ್ಟಾಡ್
17 ಡಿಸೆಂಬರ್ 1905

ಹಾಲ್ವೋರ್,

ನಿನಗೆ ಪತ್ರ ಬರೆದದ್ದನ್ನು ಸಿಕ್ಸ್ಟೆನ್ ಒಪ್ಪಿಕೊಂಡ. ಕೈಗೆ ಸಿಕ್ಕ ಸೌಟಿನಿಂದ ಹೊಡೆಯಲು ಹೋದೆ, ಆಮೇಲೆ ಅದೇ ಕೈಯಿಂದ ಅವನ ತಲೆ ಸವರಿದೆ. ಹಿತ್ತಲ ಕೋಣೆಗೆ ಸುಣ್ಣ ಬಳಿಯುತ್ತಿದ್ದಾನೆ. ನಿನಗಾಗಿ ಎಂದು ಬಾಯಿಬಿಟ್ಟು ಹೇಳುವುದಿಲ್ಲ, “ಗೋಡೆ ಕೊಳೆಯಾಗಿತ್ತು” ಅನ್ನುತ್ತಾನೆ.

ಪಾದ್ರಿಗಳ ಹತ್ತಿರ ಹೋಗಿದ್ದೆ. ಮೇ ತಿಂಗಳಲ್ಲಿ ಎರಡು ಕಾಗದ ಸಾಕಿತ್ತು, ಈಗ ಐದು ಬೇಕಂತೆ. ನಿನ್ನ ಹೆಸರು, ವಯಸ್ಸು, ಕಸುಬು ಬರೆದುಕೊಂಡು, “ಯಾವ ದೇಶದವರು?” ಎಂದು ಕೇಳಿದರು. ಗೊತ್ತಿದ್ದೂ ಕೇಳಿದರು, ಪುಸ್ತಕದಲ್ಲಿ ಹಾಗೆ ಕಾಲಮ್ಮು ಇದೆಯಂತೆ. “ನಾರ್ವೆ” ಅಂದೆ. ಹುಟ್ಟಿದಾಗಿನಿಂದ ಆಡಿದ ಹೆಸರು, ಮೊದಲ ಸಲ ಪರದೇಶದ ಹೆಸರಿನಂತೆ ನಾಲಿಗೆಗೆ ಬಂತು. ಬರೆದುಕೊಂಡರು.

ಇವತ್ತು ಚರ್ಚಿನಲ್ಲಿ ಮೊದಲ ಸಲ ನಮ್ಮ ಮದುವೆಯ ಪ್ರಕಟಣೆ ಓದಿದರು. ಯಾರಿಗಾದರೂ ಆಕ್ಷೇಪಣೆ ಇದೆಯೇ ಎಂದು ಕೇಳಿ, ಸ್ವಲ್ಪ ಹೊತ್ತು ಕಾದರು. ನಾನು ನೆಲ ನೋಡುತ್ತ ಕುಳಿತಿದ್ದೆ. ಯಾರೋ ಕೆಮ್ಮಿದರು. ಒಂದು ಬೆಂಚು ಕಿರುಗುಟ್ಟಿತು. ಸಿಕ್ಸ್ಟೆನ್ ನನ್ನ ಪಕ್ಕದಲ್ಲಿ ನೆಟ್ಟಗೆ ಕುಳಿತು ಹಿಂದೆ ತಿರುಗಿ ಒಬ್ಬೊಬ್ಬರನ್ನೂ ನೋಡಿದ, ಧೈರ್ಯವಿದ್ದರೆ ಏಳಿ ಎನ್ನುವ ಹಾಗೆ. ಯಾರೂ ಏಳಲಿಲ್ಲ.

ಇನ್ನೆರಡು ಭಾನುವಾರ ಓದಬೇಕು. ಆಮೇಲೆ ನೀನು ಬಾ. ಹೊಸ ಗಡಿಯಲ್ಲಿ ಪೆಟ್ಟಿಗೆ ಬಿಚ್ಚಿಸಿ ನೋಡುತ್ತಾರಂತೆ. ಏನು ಕೆಲಸದ ಮೇಲೆ ಹೋಗುತ್ತಿದ್ದೀಯ ಎಂದು ಕೇಳಿದರೆ, ಮನೆಗೆ ಎಂದು ಹೇಳು.

ನಿನ್ನ
ಹುಲ್ಡಾ